ವರದಿ ಎಲ್ಲಾ ನಾರ್ಮಲ್, ಅಜ್ಜಿಗೆ ಮಾತ್ರ ಹುಷಾರಿಲ್ಲ

ಹಿರಿಯರ ಮನಸ್ಸಿನ ಕಾಯಿಲೆಯನ್ನು ಗುರುತಿಸುವುದು ಹೇಗೆ? ಚಿಕಿತ್ಸೆಗೆ ಒಪ್ಪಿಸುವುದು ಹೇಗೆ? ಎಲ್ಲಿಗೆ ಹೋಗಬೇಕು?

ಇಸಿಜಿ ಆಯಿತು, ಎಂಡೋಸ್ಕೋಪಿ ಆಯಿತು, ಹೊಟ್ಟೆಯ ಸ್ಕ್ಯಾನಿಂಗೂ ಆಯಿತು. ವರದಿಗಳನ್ನಿಟ್ಟ ಚೀಲ ದಪ್ಪಗಾಯಿತೇ ಹೊರತು ಅಜ್ಜಿಯ ಎದೆಯುರಿ ಇಳಿಯಲಿಲ್ಲ, ಸುಸ್ತು ಹೋಗಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ‘ಎಲ್ಲಾ ನಾರ್ಮಲ್ ಇದೆ, ವಯಸ್ಸಾಯ್ತಲ್ಲ, ಇದ್ದದ್ದೇ’ ಎನ್ನುತ್ತಾರೆ ಡಾಕ್ಟರು. ‘ಹೌದು, ವಯಸ್ಸಾಯ್ತು’ ಎನ್ನುತ್ತಾರೆ ಮಕ್ಕಳು. ‘ನಂದೇನು ಬಿಡಿ, ವಯಸ್ಸಾಯ್ತು’ ಎನ್ನುತ್ತಾರೆ ಅಜ್ಜಿಯೂ. ಮೂವರೂ ಒಂದೇ ಮಾತಾಡಿದ ಮೇಲೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಇದು ಖಿನ್ನತೆ ಇರಬಹುದೇ ಎಂದು ಯಾರೂ ಕೇಳುವುದಿಲ್ಲ.

ಹೀಗೆ ಕೇಳದೆ ಬಿಟ್ಟವರು ಎಷ್ಟು ಜನ ಎಂಬುದಕ್ಕೆ ಲೆಕ್ಕವಿದೆ. 2017-18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಎಂಬ ಸಮೀಕ್ಷೆ 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಅವರಲ್ಲಿ 60 ದಾಟಿದವರನ್ನು ಪ್ರತ್ಯೇಕವಾಗಿ ನೋಡಿದರೆ, ಶೇ 8.3ರಷ್ಟು ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳು ಕಂಡುಬಂದವು. ‘ನನಗೆ ಖಿನ್ನತೆ ಇದೆ ಎಂದು ವೈದ್ಯರು ಹೇಳಿದ್ದಾರೆ’ ಎಂದವರು ಶೇ 0.8 ಮಾತ್ರ. ಅಂದರೆ ಖಿನ್ನತೆಯಿಂದ ನರಳುವ ಹತ್ತು ಹಿರಿಯರಲ್ಲಿ ಒಂಬತ್ತು ಮಂದಿಯ ಕಾಯಿಲೆಗೆ ಹೆಸರೇ ಸಿಕ್ಕಿಲ್ಲ. ಹೆಸರೇ ಸಿಗದ ಕಾಯಿಲೆಗೆ ಔಷಧ ಎಲ್ಲಿಂದ ಬರಬೇಕು?

ವಯಸ್ಸಾದ ಮೇಲೆ ಮಂಡಿ ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಹೆಸರುಗಳು ಥಟ್ಟನೆ ನೆನಪಿಗೆ ಬರುವುದಿಲ್ಲ. ಆದರೆ ವಾರಗಟ್ಟಲೆ ಯಾವುದರಲ್ಲೂ ಆಸೆ ಇಲ್ಲದಿರುವುದು ಮುಪ್ಪಿನ ಲಕ್ಷಣವಲ್ಲ. ಅದು ಕಾಯಿಲೆ, ಎಪ್ಪತ್ತೈದರಲ್ಲೂ ವಾಸಿಯಾಗುವ ಕಾಯಿಲೆ. 

ಹಿಂಜರಿಕೆಗೆ ಕಾರಣವಿದೆ

‘ಮನೋವೈದ್ಯರ ಹತ್ತಿರ ಹೋಗೋಣ’ ಎಂದ ಕೂಡಲೇ ಹಿರಿಯರು ಸಿಡುಕಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. ಅವರು ಕಂಡಿದ್ದನ್ನು ನಾವು ಕಂಡಿಲ್ಲ. ಇಂದು 75ರ ಆಸುಪಾಸಿನಲ್ಲಿರುವವರು ಬೆಳೆದ ಕಾಲದಲ್ಲಿ ಜಾರಿಯಲ್ಲಿದ್ದದ್ದು 1912ರ ಲೂನಸಿ ಕಾಯ್ದೆ. ಮನಸ್ಸಿನ ಕಾಯಿಲೆಯವರನ್ನು ಹೆಚ್ಚಾಗಿ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಖಿನ್ನತೆಗೆ ಮೊದಲ ಮಾತ್ರೆಗಳು ಜಗತ್ತಿಗೆ ಬಂದದ್ದೇ 1950ರ ದಶಕದ ಕೊನೆಯಲ್ಲಿ. ಅವು ನಮ್ಮ ತಾಲ್ಲೂಕುಗಳನ್ನು ಮುಟ್ಟಲು ಎಷ್ಟೋ ವರ್ಷ ಹಿಡಿಯಿತು. ಒಳಗೆ ಹೋದವರು ಹೊರಗೆ ಬರುವುದಿಲ್ಲ, ಕರೆಂಟು ಕೊಡುತ್ತಾರೆ ಎಂಬ ಮಾತುಗಳು ಅವರ ಬಾಲ್ಯದಲ್ಲಿ ಬರೀ ಗಾಳಿಸುದ್ದಿಯಾಗಿರಲಿಲ್ಲ.

ಬೆಂಗಳೂರಿನಲ್ಲಿದ್ದ ರಾಜ್ಯದ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಆಸ್ಪತ್ರೆ ಬದಲಾಯಿತು, ಔಷಧ ಬದಲಾಯಿತು. ಜನರ ಬಾಯಿ ಬದಲಾಗಲಿಲ್ಲ. ಈ ಕಡೆ ‘ನಿಮ್ಹಾನ್ಸ್‌ಗೆ ಸೇರಿಸಬೇಕು’, ಮಾನಸಿಕ ಆಸ್ಪತ್ರೆಯಿರುವ ಧಾರವಾಡದ ಕಡೆ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಲೇವಡಿ ಇವತ್ತಿಗೂ ಚಾಲ್ತಿಯಲ್ಲಿದೆ. ಇಷ್ಟು ವರ್ಷ ಇನ್ನೊಬ್ಬರ ಬಗ್ಗೆ ಕೇಳಿ ನಕ್ಕ ಮಾತು ಈಗ ತಮಗೇ ಅಂಟಿಕೊಂಡೀತು ಎಂಬ ಭಯ ಹಿರಿಯರಿಗೆ ಇದ್ದೇ ಇರುತ್ತದೆ.

ಇದರ ಜೊತೆಗೆ ಇನ್ನೂ ಕೆಲವು ಲೆಕ್ಕಾಚಾರಗಳಿವೆ. ‘ನಾಲ್ಕು ಜನಕ್ಕೆ ಗೊತ್ತಾದರೆ ಮೊಮ್ಮಗಳ ಮದುವೆಗೆ ತೊಂದರೆ’, ‘ನನಗಾಗಿ ಮಕ್ಕಳು ಯಾಕೆ ದುಡ್ಡು ಸುರಿಯಬೇಕು’, ‘ಇದು ನನ್ನ ಹಣೆಬರಹ, ಅನುಭವಿಸಿ ತೀರಿಸಬೇಕು’, ‘ಮನೆಯ ವಿಷಯ ಹೊರಗಿನವರ ಮುಂದೆ ಆಡುವುದೇ?’ ಎಂಬಂಥವು. ಮನೆ ನಡೆಸಿದ ಗಂಡಸಿಗೆ ‘ಅಳು ಬರುತ್ತೆ’ ಎಂದು ಹೇಳುವುದೇ ಅವಮಾನ. ಎಲ್ಲರ ಊಟವಾದ ಮೇಲೆ ಉಂಡು ಬಂದ ಹೆಂಗಸಿಗೆ ತನ್ನ ನೋವು ಹೇಳಿಕೊಳ್ಳುವ ಅಭ್ಯಾಸವೇ ಇಲ್ಲ. ನಿಮ್ಮ ಮನೆಯ ಹಿರಿಯರನ್ನು ಇವುಗಳಲ್ಲಿ ಯಾವುದು ತಡೆಯುತ್ತಿದೆ ಎಂದು ಮೊದಲು ತಿಳಿದುಕೊಳ್ಳಿ. ದುಡ್ಡಿನ ಚಿಂತೆ ಇರುವವರಿಗೆ ಮಾನಸಿಕ ಆರೋಗ್ಯದ ಉಪನ್ಯಾಸ ಕೊಟ್ಟು ಉಪಯೋಗವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬ ಒಂದು ಮಾತು ಅವರಿಗೆ ಸಾಕು.

ಮನಸ್ಸಿನ ನೋವು ಮೈಯಲ್ಲಿ ಕಾಣುತ್ತದೆ

ಹಿರಿಯರು ‘ನನಗೆ ಖಿನ್ನತೆ ಆಗಿದೆ’ ಎನ್ನುವುದಿಲ್ಲ. ‘ಬಾಯಿಗೆ ರುಚಿ ಇಲ್ಲ’, ‘ತಲೆ ಭಾರ’, ‘ಎದೆ ಢವಢವ ಅನ್ನುತ್ತೆ’, ‘ಮೈಯೆಲ್ಲ ಉರಿ’, ‘ಕೈಕಾಲಲ್ಲಿ ಶಕ್ತಿ ಇಲ್ಲ’, ‘ಹೊಟ್ಟೆ ಸರಿಯಿಲ್ಲ’ ಎನ್ನುತ್ತಾರೆ. ಇವು ನಾಟಕವಲ್ಲ. ಖಿನ್ನತೆಯಲ್ಲಿ ನಿದ್ದೆ, ಹಸಿವು, ಜೀರ್ಣಶಕ್ತಿ, ನೋವು ತಡೆಯುವ ಶಕ್ತಿ ಎಲ್ಲವೂ ನಿಜವಾಗಿಯೇ ಏರುಪೇರಾಗುತ್ತವೆ. ಅನೇಕ ಹಿರಿಯರಲ್ಲಿ ಕಣ್ಣೀರು ಕಾಣುವುದೇ ಇಲ್ಲ. ಕಾಣುವುದು ಸಿಡುಕು, ಮೌನ, ಇಲ್ಲವೇ ಮುಗಿಯದ ಮೈನೋವು.

ಎರಡು ವಾರ ಮೀರಿ, ಹೆಚ್ಚುಕಡಿಮೆ ಪ್ರತಿದಿನವೂ ಕೆಳಗಿನವುಗಳಲ್ಲಿ ಕೆಲವು ಕಂಡರೆ ವೈದ್ಯರಿಗೆ ತೋರಿಸಬೇಕು:

• ಇಷ್ಟದ ಕೆಲಸಗಳನ್ನು ಬಿಟ್ಟುಬಿಡುವುದು: ಬೆಳಗಿನ ಪೇಪರ್ ಮಡಚಿದಂತೆಯೇ ಉಳಿಯುವುದು, ಹೂವು ಕಟ್ಟದಿರುವುದು, ಭಜನೆಗೂ ಕಟ್ಟೆಯ ಹರಟೆಗೂ ಹೋಗದಿರುವುದು
• ಬೆಳಗಿನ ಜಾವ ಎರಡು-ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು
• ಊಟ ಕಡಿಮೆಯಾಗಿ ತೂಕ ಇಳಿಯುವುದು. ರವಿಕೆ, ಅಂಗಿ ಸಡಿಲವಾಗುವುದು
• ಮಾತು, ನಡಿಗೆ ನಿಧಾನವಾಗುವುದು, ಅಥವಾ ಒಂದು ಕಡೆ ಕೂರಲಾಗದೆ ಚಡಪಡಿಸುವುದು
• ಎಂದೋ ಆದ ಸಣ್ಣ ತಪ್ಪನ್ನು ಹಿಡಿದುಕೊಂಡು ಕೊರಗುವುದು, ‘ನನ್ನಿಂದ ಎಲ್ಲರಿಗೂ ತೊಂದರೆ’ ಎನ್ನುವುದು
• ಸ್ನಾನ, ಬಟ್ಟೆ, ಬಿ.ಪಿ.-ಶುಗರ್ ಮಾತ್ರೆಗಳ ಬಗ್ಗೆ ಅಸಡ್ಡೆ ಬರುವುದು

‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂದು ನಗುತ್ತಾ ಹೇಳುವ ಹಿರಿಯರು ಬೇಕಾದಷ್ಟಿದ್ದಾರೆ. ಆ ಮಾತು ಕೇಳಿ ಗಾಬರಿಯಾಗಬೇಕಿಲ್ಲ. ಆದರೆ ನಗು ನಿಂತು ಮಾತು ಮಾತ್ರ ಉಳಿದಿದ್ದರೆ, ದಿನಕ್ಕೆ ನಾಲ್ಕು ಸಲ ಅದೇ ಬರುತ್ತಿದ್ದರೆ, ಕೂತು ಕೇಳಬೇಕು.

ದುಃಖ, ಮರೆವು, ಗಲಿಬಿಲಿ: ಮೂರೂ ಬೇರೆ

ಬಾಳಸಂಗಾತಿ ತೀರಿಕೊಂಡ ಮೇಲಿನ ದುಃಖ ಕಾಯಿಲೆಯಲ್ಲ. ದುಃಖದಲ್ಲಿರುವವರು ಅಳುತ್ತಾರೆ, ನಡುವೆ ಮೊಮ್ಮಗುವಿನ ಆಟಕ್ಕೆ ನಗುತ್ತಾರೆ, ಹಳೆಯದನ್ನು ನೆನೆದು ಮಾತಾಡುತ್ತಾರೆ. ತಿಂಗಳುಗಳು ಕಳೆದರೂ ಯಾವುದೂ ಒಳಗೆ ತಟ್ಟದಿದ್ದರೆ, ತನ್ನ ಬದುಕೇ ವ್ಯರ್ಥ ಎಂಬ ಭಾವ ಬೇರುಬಿಟ್ಟಿದ್ದರೆ, ಅದು ಖಿನ್ನತೆಯತ್ತ ಹೊರಳಿದೆ ಎಂದರ್ಥ.

ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಬೇರೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ಇದನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಡಿಮೆನ್ಷಿಯಾ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬರುತ್ತದೆ. ರೋಗಿಗೆ ತನ್ನ ಮರೆವಿನ ಅರಿವೇ ಇರದಿರಬಹುದು, ಮನೆಯವರಿಗೆ ಮೊದಲು ಗೊತ್ತಾಗುತ್ತದೆ. ಖಿನ್ನತೆಯಿಂದ ಬಂದ ಮರೆವು ಕೆಲವೇ ವಾರ-ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ರೋಗಿಯೇ ‘ನನಗೆ ಏನೂ ನೆನಪಿರಲ್ಲ’ ಎಂದು ಹಲುಬುತ್ತಾರೆ. ಖಿನ್ನತೆಗೆ ಚಿಕಿತ್ಸೆಯಾದಾಗ ಈ ಮರೆವೂ ಬಹುಮಟ್ಟಿಗೆ ಸುಧಾರಿಸುತ್ತದೆ. ಎರಡೂ ಒಟ್ಟಿಗೇ ಇರಬಹುದಾದ್ದರಿಂದ ತೀರ್ಮಾನ ವೈದ್ಯರದ್ದೇ ಆಗಬೇಕು.

ಮೂರನೆಯದು ಗಲಿಬಿಲಿ. ನಿನ್ನೆ ಸರಿಯಾಗಿದ್ದವರು ಇವತ್ತು ಹೊತ್ತು-ಗೊತ್ತು ತಿಳಿಯದೆ, ಇಲ್ಲದವರನ್ನು ಕಂಡಂತೆ ಮಾತಾಡುತ್ತಿದ್ದರೆ ಅದಕ್ಕೆ ಮನೋವೈದ್ಯರ ಅಪಾಯಿಂಟ್‌ಮೆಂಟ್ ಕಾಯಬೇಡಿ, ಮಂತ್ರ-ತಾಯತಕ್ಕೂ ಓಡಬೇಡಿ. ಮೂತ್ರದ ಸೋಂಕು, ಜ್ವರ, ಸೋಡಿಯಂ ಕುಸಿತ, ಶುಗರ್ ಇಳಿಕೆ, ಬಿದ್ದು ತಲೆಗೆ ಪೆಟ್ಟಾಗಿದ್ದು, ಹೊಸ ಮಾತ್ರೆ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲ ಮಾತು ಹೇಗೆ?

ಹಬ್ಬದ ದಿನ ಎಲ್ಲರ ಮುಂದೆ ಎತ್ತುವ ಮಾತಲ್ಲ ಇದು. ಒಬ್ಬರೇ ಇರುವಾಗ, ಅವಸರವಿಲ್ಲದ ಹೊತ್ತಿನಲ್ಲಿ ಕೂತು ಕೇಳಿ. ಕಾಯಿಲೆಯ ಹೆಸರಿನಿಂದ ಶುರುಮಾಡಬೇಡಿ. ಕಣ್ಣಿಗೆ ಕಂಡದ್ದರಿಂದ ಶುರುಮಾಡಿ. ತಾಯಿ-ಮಗಳ ನಡುವೆ ಆ ಮಾತು ಹೀಗೆ ಸಾಗಬಹುದು:

‘ಅಮ್ಮಾ, ಮೂರು ವಾರದಿಂದ ನೋಡ್ತಿದೀನಿ, ರಾತ್ರಿ ನೀನು ನಿದ್ದೇನೇ ಮಾಡ್ತಿಲ್ಲ. ಹೂವು ಕಟ್ಟೋದೂ ಬಿಟ್ಟಿದೀಯ.’

‘ಯಾಕೋ ಕೈ ಬರಲ್ಲ ಕಣೇ. ಕಟ್ಟಿ ಏನು ಮಾಡೋದು ಅನ್ಸುತ್ತೆ.’

‘ಹಾಗನ್ಸೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?’

‘ನಿಮ್ಮಪ್ಪ ಹೋದ್ಮೇಲೆ ಹೀಗೇ. ದೀಪಾವಳಿ ಕಳೆದ್ಮೇಲಂತೂ ಜಾಸ್ತಿ.’

‘ನಿದ್ದೆಗೂ ಸುಸ್ತಿಗೂ ಒಂದ್ಸಲ ಡಾಕ್ಟರನ್ನ ಕೇಳೋಣ. ನಾನೂ ಬರ್ತೀನಿ.’

‘ಮನಸ್ಸಿನ ಡಾಕ್ಟ್ರಾ? ನಂಗೇನು ತಲೆ ಕೆಟ್ಟಿದ್ಯಾ?’

‘ತಲೆ ಕೆಟ್ಟಿಲ್ಲಮ್ಮ, ನಿದ್ದೆ ಕೆಟ್ಟಿದೆ. ಮೊದಲು ನಮ್ಮ ಡಾಕ್ಟರ ಹತ್ರಾನೇ ಹೋಗೋಣ. ಅವರು ಬೇರೆಯವರನ್ನ ನೋಡಿ ಅಂದ್ರೆ, ಆಮೇಲೆ ನಾವಿಬ್ರೂ ಕೂತು ಯೋಚನೆ ಮಾಡೋಣ.’

ಮಗಳು ಇಲ್ಲಿ ವಾದ ಮಾಡಲಿಲ್ಲ, ಉಪದೇಶವನ್ನೂ ಕೊಡಲಿಲ್ಲ. ‘ಎಷ್ಟು ದಿನ ಆಯ್ತು’ ಎಂಬ ಒಂದು ಪ್ರಶ್ನೆಗೆ ಗಂಡನ ಸಾವಿನ ದುಃಖ ತಾನಾಗಿ ಹೊರಬಂತು. ಡಾಕ್ಟರಿಗೂ ಮುಂದೆ ಇದೇ ಬೇಕಾಗುವ ಮಾಹಿತಿ. ತೀರ್ಮಾನವೂ ತಾಯಿಯ ಕೈಯಲ್ಲೇ ಉಳಿಯಿತು.

ಹೇಳಬಾರದ ಮಾತುಗಳೂ ಇವೆ. ‘ನಿನಗೇನು ಕಡಿಮೆಯಾಗಿದೆ?’, ‘ಮನಸ್ಸು ಗಟ್ಟಿ ಮಾಡ್ಕೋ’, ‘ಎಲ್ಲಾ ನಿನ್ನ ಭ್ರಮೆ’, ‘ನಿನ್ನಿಂದ ಮನೆಯವರಿಗೆಲ್ಲ ಟೆನ್ಷನ್’ ಎನ್ನಬೇಡಿ. ದೇವಸ್ಥಾನಕ್ಕೆಂದು ಹೇಳಿ ಆಸ್ಪತ್ರೆಗೆ ಕರೆದೊಯ್ಯುವ ಉಪಾಯ ಬೇಡವೇ ಬೇಡ. ಒಮ್ಮೆ ಮೋಸಹೋದವರು ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ, ಮಾತ್ರೆಯನ್ನಂತೂ ನುಂಗುವುದೇ ಇಲ್ಲ.

ನಿಮ್ಮ ಮಾತು ನಡೆಯದಿದ್ದರೆ ಅವರು ಯಾರ ಮಾತು ಕೇಳುತ್ತಾರೋ ಅವರಿಂದ ಹೇಳಿಸಿ. ಕೆಲವರಿಗೆ ಅಳಿಯ, ಕೆಲವರಿಗೆ ತಮ್ಮ, ಕೆಲವರಿಗೆ ಜೊತೆಯಲ್ಲಿ ನೌಕರಿ ಮಾಡಿದ ಗೆಳೆಯ, ಇನ್ನು ಕೆಲವರಿಗೆ ಮೊಮ್ಮಗಳು. ಓದುವ ಅಭ್ಯಾಸವಿದ್ದವರಿಗೆ ಕನ್ನಡದಲ್ಲೇ ಪುಸ್ತಕಗಳಿವೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸಾಮಾನ್ಯ ಓದುಗರಿಗೆಂದೇ ಸರಳ ಭಾಷೆಯಲ್ಲಿ ಹಲವಾರು ಪುಸ್ತಕ ಬರೆದಿದ್ದಾರೆ. ಮಕ್ಕಳು ಹೇಳಿದರೆ ಬೇಡವೆನ್ನುವವರು ಅಚ್ಚಿನಲ್ಲಿ ಓದಿದರೆ ಒಪ್ಪುವುದುಂಟು.

ಮನೆ ಡಾಕ್ಟರಿಂದಲೇ ಶುರುವಾಗಲಿ

ಹಿರಿಯರು ಈಗಾಗಲೇ ನಂಬಿರುವ ವೈದ್ಯರೇ ಸರಿಯಾದ ಮೊದಲ ಬಾಗಿಲು. ಹೋಗುವಾಗ ಮೂರು ಸಂಗತಿಗಳನ್ನು ಕಾಗದದಲ್ಲಿ ಬರೆದುಕೊಳ್ಳಿ: ಏನು ಬದಲಾಗಿದೆ, ಯಾವಾಗಿನಿಂದ, ದಿನಚರಿಯಲ್ಲಿ ಏನೇನು ನಿಂತಿದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ ಚೂರ್ಣ, ಮೆಡಿಕಲ್ ಸ್ಟೋರ್‌ನಿಂದ ತಾವೇ ತಂದ ನೋವಿನ ಮಾತ್ರೆ, ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ, ಯಾವುದನ್ನೂ ಬಿಡಬೇಡಿ.

ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ, ರಕ್ತಹೀನತೆ, ಸೋಡಿಯಂ ಕಡಿಮೆಯಾಗುವುದು ಇವೆಲ್ಲ ಸುಸ್ತು, ಮಂಕು, ಮರೆವು ತರುತ್ತವೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇವು ತಿಳಿಯುತ್ತವೆ. ಕಿವಿ, ಕಣ್ಣನ್ನೂ ತೋರಿಸಿ. ಕಿವಿ ಮಂದವಾದವರು ಮಾತಿನ ನಡುವೆ ಒಂಟಿಯಾಗುತ್ತಾರೆ. ಅದನ್ನು ಮನೆಯವರು ‘ಯಾರ ಜೊತೆಗೂ ಸೇರಲ್ಲ’ ಎಂದು ಅರ್ಥಮಾಡಿಕೊಳ್ಳುತ್ತಾರೆ.

ಪರೀಕ್ಷೆ ಎಲ್ಲ ಸರಿಯಿದ್ದು ‘ವಯಸ್ಸಾಯ್ತು’ ಎಂಬ ಉತ್ತರ ಬಂದರೆ ಎದ್ದು ಬರಬೇಡಿ. ‘ಡಾಕ್ಟ್ರೇ, ಇದು ಖಿನ್ನತೆ ಇರಬಹುದಾ? ಯಾರಿಗೆ ತೋರಿಸಬೇಕು?’ ಎಂದು ನೇರವಾಗಿ ಕೇಳಿ. ಚೀಟಿ ಬರೆದುಕೊಡಲು ಹೇಳಿ. ತಮ್ಮ ಡಾಕ್ಟರೇ ಕಳಿಸಿದರು ಎಂಬುದು ಹಿರಿಯರಿಗೆ ದೊಡ್ಡ ಧೈರ್ಯ.

ಮನೋವೈದ್ಯರ ಕೋಣೆಯಲ್ಲಿ ಏನಾಗುತ್ತದೆ?

ಅನೇಕರಿಗೆ ಇದೇ ಗೊತ್ತಿಲ್ಲದ್ದರಿಂದ ಭಯ ಹೆಚ್ಚು. ಅಲ್ಲಿ ಬೇರೆ ಒಪಿಡಿಗಳಂತೆಯೇ ಮೇಜು, ಕುರ್ಚಿ, ಬಿ.ಪಿ. ಯಂತ್ರ ಇರುತ್ತದೆ. ನಿದ್ದೆ, ಊಟ, ತೂಕ, ಹಳೆಯ ಕಾಯಿಲೆಗಳು, ಮನೆಯಲ್ಲಿ ಯಾರ್‍ಯಾರಿದ್ದಾರೆ, ಇತ್ತೀಚೆಗೆ ಏನಾಯಿತು ಎಂದು ಕೇಳುತ್ತಾರೆ. ಇವತ್ತು ಯಾವ ವಾರ, ಈಗ ಹೇಳಿದ ಮೂರು ಹೆಸರು ಮತ್ತೆ ಹೇಳಿ ಎಂಬಂಥ ನೆನಪಿನ ಪ್ರಶ್ನೆಗಳಿರಬಹುದು. ಹಿರಿಯರ ಖಿನ್ನತೆ ಅಳೆಯಲೆಂದೇ 1980ರ ದಶಕದಲ್ಲಿ ರೂಪುಗೊಂಡ ಪ್ರಶ್ನಾವಳಿಯೊಂದಿದೆ. ಅದರ ಕಿರು ರೂಪದಲ್ಲಿ 15 ಪ್ರಶ್ನೆಗಳು, ಉತ್ತರ ಹೌದು ಅಥವಾ ಇಲ್ಲ. ಸ್ವಲ್ಪ ಹೊತ್ತು ಹಿರಿಯರ ಜೊತೆ ಮಾತ್ರ, ಸ್ವಲ್ಪ ಹೊತ್ತು ಮನೆಯವರ ಜೊತೆ ಮಾತಾಡುತ್ತಾರೆ. ಬಹುಪಾಲು ಜನ ಅದೇ ದಿನ ಮನೆಗೆ ಮರಳುತ್ತಾರೆ.

ಕರೆಂಟಿನ ಭಯಕ್ಕೂ ಉತ್ತರವಿದೆ. ಹಿರಿಯರ ಖಿನ್ನತೆಗೆ ಸಾಮಾನ್ಯವಾಗಿ ಮೊದಲು ಕೊಡುವುದು ಮಾತ್ರೆ ಮತ್ತು ಆಪ್ತಸಮಾಲೋಚನೆ. ಊಟ-ನೀರನ್ನೇ ಬಿಟ್ಟಷ್ಟು, ಜೀವಕ್ಕೆ ಅಪಾಯವಾಗುವಷ್ಟು ತೀವ್ರವಾದಾಗ ವಿದ್ಯುತ್ ಚಿಕಿತ್ಸೆಯನ್ನು ಸೂಚಿಸಬಹುದು. ಅಂಥ ಸ್ಥಿತಿಯಲ್ಲಿ ಅದು ಬೇಗ ಗುಣ ಕೊಡುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಈ ಚಿಕಿತ್ಸೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಹಳೆಯ ಸಿನಿಮಾಗಳಲ್ಲಿ ಕಂಡದ್ದು ಇಂದಿನ ಆಸ್ಪತ್ರೆಯಲ್ಲಿಲ್ಲ.

ಮಾತ್ರೆಯ ಬಗ್ಗೆ ನೇರ ಮಾತು

• ಖಿನ್ನತೆಯ ಮಾತ್ರೆ ನುಂಗಿದ ಮರುದಿನವೇ ಗುಣ ಕಾಣುವುದಿಲ್ಲ. ಎರಡರಿಂದ ಆರು ವಾರ ಬೇಕು, ಹಿರಿಯರಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಹಿಡಿಯಬಹುದು. ‘ಹತ್ತು ದಿನ ತಗೊಂಡೆ, ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು.
• ಹಿರಿಯರಿಗೆ ಕಡಿಮೆ ಡೋಸಿನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ‘ಇಷ್ಟು ಸಣ್ಣ ಮಾತ್ರೆಯಿಂದ ಏನಾದೀತು’ ಎನ್ನಬೇಡಿ.
• ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಆದರೆ ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು, ಕೆಲವರು ಅದಕ್ಕಿಂತ ಹೆಚ್ಚು ಕಾಲ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದೂ ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ.
• ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಖಿನ್ನತೆಯ ಕೆಲವು ಮಾತ್ರೆಗಳು ಸೋಡಿಯಂ ಇಳಿಸಬಹುದು. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚು. ಎಲ್ಲ ಮಾತ್ರೆಗಳ ಪಟ್ಟಿ ಕೊಡುವುದು ಇದಕ್ಕಾಗಿಯೇ. ಹೊಸದಾಗಿ ಗಲಿಬಿಲಿ, ತೂರಾಟ ಕಂಡರೆ ತಕ್ಷಣ ತಿಳಿಸಿ.
• ಅಲ್‌ಪ್ರಜೋಲಂನಂಥ ನಿದ್ದೆ-ಆತಂಕದ ಮಾತ್ರೆಗಳ ಕಥೆಯೇ ಬೇರೆ. ಇವು ಅಭ್ಯಾಸವಾಗುತ್ತವೆ, ಮರೆವು ಹೆಚ್ಚಿಸುತ್ತವೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ತರುತ್ತವೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಂಡು ನುಂಗುವಂಥವಲ್ಲ. ಈಗಾಗಲೇ ಬಹುಕಾಲದಿಂದ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಮೂಲಕವೇ ಇಳಿಸಿ.

ಮಾತ್ರೆಯಷ್ಟೇ ಅಲ್ಲ

ನೆರೆಯ ಗೋವಾದಲ್ಲಿ ಖಿನ್ನತೆಯ ಅಂಚಿನಲ್ಲಿದ್ದ, 60 ದಾಟಿದ 181 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ನಿದ್ದೆ, ಶುಗರ್-ಬಿ.ಪಿ.ಯಂಥ ಕಾಯಿಲೆಗಳ ನಿರ್ವಹಣೆ, ದಿನನಿತ್ಯದ ತೊಂದರೆಗಳನ್ನು ಬಿಡಿಸಿಕೊಳ್ಳುವ ಬಗೆಯನ್ನು ಹೇಳಿಕೊಟ್ಟರು, ಸರ್ಕಾರಿ ಸವಲತ್ತು ಪಡೆಯಲು ನೆರವಾದರು. ಆ ಕಾರ್ಯಕರ್ತರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಒಂದು ವರ್ಷದಲ್ಲಿ ಈ ಗುಂಪಿನಲ್ಲಿ ಖಿನ್ನತೆಗೆ ಜಾರಿದವರು ಶೇ 4.4, ಮಾಮೂಲಿ ಆರೈಕೆ ಪಡೆದ ಇನ್ನೊಂದು ಗುಂಪಿನಲ್ಲಿ ಶೇ 14.4. ನಮ್ಮ ಹಿರಿಯರು ಸಹಾಯ ಬೇಡವೆನ್ನುವವರಲ್ಲ. ಅವರ ಭಾಷೆಯಲ್ಲಿ, ಅವರ ಊರಿನಲ್ಲಿ, ಅವರ ತೊಂದರೆಯಿಂದಲೇ ಶುರುವಾದ ಸಹಾಯವನ್ನು ಅವರು ಪಡೆಯುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೇ ಬಗೆಯದು. ಬೆಳಗ್ಗೆ ಬಿಸಿಲಿನಲ್ಲಿ ಸ್ವಲ್ಪ ನಡಿಗೆ, ಹಗಲು ನಿದ್ದೆ ಕಡಿಮೆ, ಸಂಜೆಯ ನಂತರ ಕಾಫಿ ಬೇಡ. ದಿನಕ್ಕೊಂದು ಸಣ್ಣ ಜವಾಬ್ದಾರಿ ಕೊಡಿ. ಸೊಪ್ಪು ಬಿಡಿಸುವುದು, ಗಿಡಕ್ಕೆ ನೀರು, ಮೊಮ್ಮಗನಿಗೆ ಮಗ್ಗಿ, ಯಾವುದಾದರೂ ಸರಿ. ‘ನೀವು ಸುಮ್ಮನೆ ಕೂತ್ಕೊಳ್ಳಿ’ ಎಂದು ಪ್ರೀತಿಯಿಂದಲೇ ಎಲ್ಲ ಕೆಲಸ ಕಸಿದುಕೊಂಡರೆ ಹಿರಿಯರಿಗೆ ತಾವು ಬೇಡವಾದೆವು ಎನಿಸುತ್ತದೆ. ಪೂಜೆ, ಹರಕೆ, ಭಜನೆಯ ಜೊತೆ ಜಗಳ ಬೇಡ. ದೇವರೂ ಇರಲಿ, ಮಾತ್ರೆಯೂ ಇರಲಿ. ದೇವರ ಹೆಸರಿನಲ್ಲಿ ಮಾತ್ರೆ ನಿಲ್ಲಿಸಲು ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳಿಗೆ ಒಂದು ಮಾತು. ವಿಡಿಯೊ ಕಾಲ್‌ನಲ್ಲಿ ಅಪ್ಪ-ಅಮ್ಮ ಐದು ನಿಮಿಷ ನಗುತ್ತಾರೆ, ನಿಮಗೆ ನಿಶ್ಚಿಂತೆ. ಅಡುಗೆಮನೆಗೆ ಫೋನ್ ಒಯ್ಯಲು ಹೇಳಿ, ಏನು ಅಡುಗೆ ಎಂದು ಕೇಳಿ. ಪಕ್ಕದ ಮನೆಯವರ ನಂಬರ್ ಇಟ್ಟುಕೊಂಡು ತಿಂಗಳಿಗೊಮ್ಮೆ ಅವರನ್ನೂ ಮಾತನಾಡಿಸಿ.

ಎಲ್ಲಿಗೆ ಹೋಗಬೇಕು?

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ಊರಲ್ಲೇ ಚಿಕಿತ್ಸೆ ಸಾಧ್ಯ ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಅದೇ ಮಾದರಿಯನ್ನು ಬೇರೆ ಜಿಲ್ಲೆಗಳಿಗೆ ಒಯ್ದಿತು. ಆದ್ದರಿಂದ ಮೊದಲು ವಿಚಾರಿಸಬೇಕಾದದ್ದು ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ.

• ಟೆಲಿ ಮಾನಸ್, 14416: 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಲಭ್ಯ. 1800-891-4416 ಕೂಡ ಇದೇ ಸೇವೆಯ ನಂಬರ್. ಹಿರಿಯರೂ ಕರೆ ಮಾಡಬಹುದು, ಅವರ ಬಗ್ಗೆ ಚಿಂತೆಯಿರುವ ಮನೆಯವರೂ ಮಾಡಬಹುದು.
• ತಾಲ್ಲೂಕು ಆಸ್ಪತ್ರೆ: ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ಏರ್ಪಾಡು ರಾಜ್ಯದಲ್ಲಿ 2014ರಲ್ಲಿ ಶುರುವಾಯಿತು. ನಿಮ್ಮ ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.
• ಜಿಲ್ಲಾ ಆಸ್ಪತ್ರೆ: ಮನೋವೈದ್ಯಕೀಯ ವಿಭಾಗವನ್ನು ವಿಚಾರಿಸಿ. ಮರೆವಿನ ತೊಂದರೆಗೆ ನಿಮ್ಹಾನ್ಸ್ ಸಹಯೋಗದ ‘ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್’ ಅಡಿಯ ಕ್ಲಿನಿಕ್ ಇದೆಯೇ ಎಂದೂ ಕೇಳಿ.
• ನಿಮ್ಹಾನ್ಸ್, ಬೆಂಗಳೂರು ಮತ್ತು ಡಿಮ್ಹಾನ್ಸ್, ಧಾರವಾಡ: ಸ್ಥಳೀಯವಾಗಿ ಗುಣ ಕಾಣದಿದ್ದಾಗ, ಕಾಯಿಲೆ ಜಟಿಲವಾದಾಗ.
• ಎಲ್ಡರ್‌ಲೈನ್, 14567: ಹಿರಿಯರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪಿಂಚಣಿಯ ಗೊಂದಲ, ಮನೆಯಲ್ಲಿ ಬೈಗುಳ-ಹೊಡೆತ-ನಿರ್ಲಕ್ಷ್ಯ ಇದ್ದರೆ ಇಲ್ಲಿಗೆ ಹೇಳಬಹುದು. ಮನಸ್ಸು ಕುಸಿಯಲು ಎಷ್ಟೋ ಸಲ ಇವೇ ಕಾರಣ.

ದುಡ್ಡಿನ ವಿಷಯ: ದೈಹಿಕ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ನಿಮ್ಮ ಪಾಲಿಸಿಯಲ್ಲಿ ಯಾವ ಖರ್ಚಿಗೆ ಎಷ್ಟು ಸಿಗುತ್ತದೆ ಎಂದು ಲಿಖಿತವಾಗಿ ಕೇಳಿ ಪಡೆಯಿರಿ.

ಕಾಯಬಾರದ ಲಕ್ಷಣಗಳು

‘ಬದುಕಿದ್ದು ಏನು ಪ್ರಯೋಜನ’ ಎಂದು ಮತ್ತೆ ಮತ್ತೆ ಹೇಳುವುದು, ದಿಢೀರನೆ ಒಡವೆ-ಪತ್ರ ಹಂಚುವುದು, ಎಲ್ಲರಿಗೂ ವಿದಾಯ ಹೇಳುವಂತೆ ಮಾತಾಡುವುದು, ಊಟ-ನೀರು-ಮಾತ್ರೆ ಬಿಡುವುದು ಕಂಡರೆ ನಾಳೆಗೆ ಮುಂದೂಡಬೇಡಿ. ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದಾಗ ಅವರಿಗೆ ಭಾರ ಇಳಿದಂತಾಗುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲದ ಔಷಧಿ, ಮನೆಯ ಮಾತ್ರೆಗಳು ಬೀಗದೊಳಗಿರಲಿ. 14416ಕ್ಕೆ ಕರೆ ಮಾಡಿ, ಅಪಾಯ ಎದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಇದನ್ನು ಓದುತ್ತಿರುವ ಹಿರಿಯರಿಗೆ

ಮಕ್ಕಳು ಕರೆದೊಯ್ಯಲಿ ಎಂದು ನೀವು ಕಾಯಬೇಕಿಲ್ಲ. ಒಬ್ಬರೇ ಹೋಗಬಹುದು, ಮನೆಯಿಂದಲೇ ಫೋನ್ ಮಾಡಬಹುದು. ವೈದ್ಯರ ಬಳಿ ಆಡಿದ ಮಾತು ಗುಟ್ಟಾಗಿ ಉಳಿಯಬೇಕು ಎಂಬುದು ಕಾನೂನಿನ ಹಕ್ಕು. ಮುಂದೆ ಎಂದಾದರೂ ತೀರ್ಮಾನ ತೆಗೆದುಕೊಳ್ಳಲಾಗದ ಸ್ಥಿತಿ ಬಂದರೆ ಮಾನಸಿಕ ಕಾಯಿಲೆಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಿಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡುವ ಅವಕಾಶವನ್ನೂ 2017ರ ಕಾಯ್ದೆ ಕೊಟ್ಟಿದೆ. ಬಿ.ಪಿ.ಗೆ ಮಾತ್ರೆ ನುಂಗುವಾಗ ನಿಮಗೆ ನಾಚಿಕೆಯಾಗಲಿಲ್ಲ. ಇದಕ್ಕೂ ಆಗಬೇಕಿಲ್ಲ.

ಮಕ್ಕಳಿಗೂ ಒಂದೇ ಕೋರಿಕೆ. ಈ ವಾರ ಅಪ್ಪ-ಅಮ್ಮನ ಜೊತೆ ಮಾತಾಡುವಾಗ ‘ಊಟ ಆಯ್ತಾ’ ಎಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಸೇರಿಸಿ: ‘ರಾತ್ರಿ ನಿದ್ದೆ ಹೇಗೆ ಬರ್ತಿದೆ? ಮನಸ್ಸಿಗೆ ಹೇಗಿದೆ?’ ಉತ್ತರ ಬರುವ ತನಕ ಫೋನ್ ಇಡಬೇಡಿ. ಬಂದ ಉತ್ತರ ಸರಿಯೆನಿಸದಿದ್ದರೆ, ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗದೆ 14416ಕ್ಕೆ ಕರೆ ಮಾಡಿ.